ಗುಂಯ್‌ಗುಡುವ ಪೆಟ್ಟಿಗೆ

"ಇನ್ನು ಮುಂದೆ ಈ ಮನೆಯಲ್ಲಿ ಕೆಟ್ಟುಹೋದದ್ದು ಅಂತ ಒಂದೂ ಇರಕೂಡದು!" ಎಂದು ನಾನು ಘೋಷಿಸಿದೆ.

"ಹಾಗಾದ್ರೆ ನೀವು ಎಲ್ಲಿರ್ತೀರಿ?" ಎಂದಳು ಹೆಂಡತಿ.

ನನ್ನ ಘೋಷಣೆಗಳಿಗೆ ಹೀಗೆ ಬಾಲ ಹಚ್ಚುವುದು ಅವಳಿಗೆ ಮೊದಲಿನಿಂದಲೂ ಅಭ್ಯಾಸ. ಅವಳು ದಂತವೈದ್ಯೆ, ಎದುರಿಗಿರುವವರು ಬಾಯಿ ತೆರೆದುಕೊಂಡೇ ಇರಬೇಕು, ಮಾತು ಮಾತ್ರ ಅವಳೇ ಆಡಬೇಕು. ನಾನು ಕನ್ನಡಕದ ಅಂಗಡಿಯವನು. ಅವಳ ಕ್ಲಿನಿಕ್ಕೂ ನನ್ನ ಅಂಗಡಿಯೂ ಒಂದೇ ಕಟ್ಟಡದಲ್ಲಿವೆ. ನಡುವೆ ಒಂದು ಗೋಡೆ, ಗೋಡೆಗೊಂದು ಬಾಗಿಲು. ಬಾಗಿಲಿನ ಈಚೆ ಕಣ್ಣು, ಆಚೆ ಹಲ್ಲು. ಕರೆಂಟು ಮಾತ್ರ ಇಬ್ಬರಿಗೂ ಒಂದೇ. ಈ ಕೊನೆಯ ಸಂಗತಿ ಮುಂದೆ ನನ್ನ ತಲೆಗೆ ಬರಲಿದೆ, ನೆನಪಿಟ್ಟುಕೊಳ್ಳಿ!

ಅತ್ತೆ ಮಾವ ನಮ್ಮ ಜೊತೆಗಿದ್ದಾರೆ ಎಂದು ನಾನು ಹೊರಗೆ ಹೇಳಿಕೊಳ್ಳುತ್ತೇನೆ. ನಾವೇ ಅವರ ಜೊತೆಗಿದ್ದೇವೆ ಎನ್ನುವುದು ಆ ಮನೆಯ ಬೀಗದ ಕೈಗೂ ಗೊತ್ತು. ಮನೆ ಅಳಿಯನಾದವನಿಗೆ ಆಗಾಗ ಒಂದು ಪರಾಕ್ರಮ ತೋರಿಸಿಬಿಡೋಣ ಎಂಬ ತುರಿಕೆ ಹತ್ತುತ್ತದೆ. ನನಗೆ ಆ ತುರಿಕೆ ಹತ್ತಿದ್ದು ಸ್ಟೋರ್ ರೂಮಿನಲ್ಲಿ, ಹಳೆಯ ಕಂಬಳಿಯೊಂದನ್ನು ಎತ್ತಿದಾಗ. ಕಂಬಳಿಯ ಕೆಳಗೆ ಮಾವನ ಪೆಟ್ಟಿಗೆ ಇತ್ತು.

ಪೆಟ್ಟಿಗೆ ಎಂದರೆ ಗಿಟಾರಿನ ಆಂಪ್ಲಿಫೈಯರ್. ಹಳೆಯ ಕಾಲದ್ದು. ಮುಂದೆ ಚಿನ್ನದ ಬಣ್ಣದ ಬಟ್ಟೆ, ಮೇಲೆ ಬೆವರಿಗೆ ಕಪ್ಪಾದ ಚರ್ಮದ ಹಿಡಿ, ಒಳಗೆ ವಾಲ್ವ್ ರೇಡಿಯೊಗಳಲ್ಲಿ ಇರುತ್ತಿದ್ದಂಥ ಗಾಜಿನ ವಾಲ್ವುಗಳು. ಮೈ ಬಿಸಿಯಾಗುವ ತನಕ ಬಾಯಿ ಬಿಡದ ಜಾತಿ ಅದು. ಮಾವ ಹರೆಯದಲ್ಲಿ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದರು. ಅತ್ತೆ ಅದೇ ಆರ್ಕೆಸ್ಟ್ರಾದ ಗಾಯಕಿ. ಹಜಾರದ ಗೋಡೆಯ ಮೇಲೆ ಆ ದಿನಗಳ ಒಂದು ಫೋಟೊ ಇದೆ: ಅತ್ತೆ ಪೆಟ್ಟಿಗೆಯ ನೆತ್ತಿಯ ಮೇಲೆ ಒಂದು ಕೈ ಊರಿ, ಕಣ್ಣು ಮುಚ್ಚಿ ಹಾಡುತ್ತಿದ್ದಾರೆ, ಮಾವ ಗಿಟಾರಿನ ತಂತಿಗಳನ್ನು ಬಿಟ್ಟು ಅವರ ಮುಖವನ್ನೇ ನೋಡುತ್ತಿದ್ದಾರೆ. ಸಭಿಕರು ಯಾರೂ ಫೋಟೊದಲ್ಲಿಲ್ಲ. ಅವರ ಅಗತ್ಯ ಇದ್ದಂತೆಯೂ ಕಾಣುವುದಿಲ್ಲ.

ಒಂದು ದಿನ ಪೆಟ್ಟಿಗೆ ಸದ್ದು ನಿಲ್ಲಿಸಿತು. ಮಾವ ಗಿಟಾರನ್ನು ಮೊಳೆಗೆ ನೇತು ಹಾಕಿದರು. "ಬೆರಳು ಮರೆತಿವೆ ಬಿಡಿ," ಎನ್ನುತ್ತಾರೆ. ಅತ್ತೆ ಈಗ ಹಾಡುವುದು ಅಡುಗೆಮನೆಯಲ್ಲಿ ಮಾತ್ರ. ಒಲೆಯ ಮೇಲೆ ಏನಾದರೂ ಕುದಿಯಲು ಬಿಟ್ಟು, ಫ್ರಿಜ್ಜಿನ ತಲೆಯ ಮೇಲೆ ಒಂದು ಕೈ ಇಟ್ಟುಕೊಂಡು, ಅಡುಗೆ ಬೇಯುವ ತನಕ ಹಾಡುತ್ತಾರೆ. "ಹಜಾರಕ್ಕೆ ಬಂದು ಹಾಡಿ ಅತ್ತೆ," ಎಂದರೆ, "ಅಯ್ಯೋ, ಅಲ್ಲಿ ನನಗೆ ಬರಲ್ಲ," ಎನ್ನುತ್ತಾರೆ. ಪಾಪ, ಸಂಕೋಚದ ಹೆಂಗಸು ಎಂದುಕೊಂಡಿದ್ದೆವು.

ಆ ಫ್ರಿಜ್ಜಿನ ಬಗ್ಗೆಯೂ ಎರಡು ಮಾತು. ದುಂಡು ಭುಜದ ಹಳೆಯ ಫ್ರಿಜ್ಜು, ನಿದ್ದೆಯಲ್ಲಿ ಗೊಣಗುವ ಮುದುಕನಂತೆ ಗುಂಯ್ ಎನ್ನುತ್ತಲೇ ಇರುತ್ತದೆ. ಮಸುಕು ಗಾಜು, ಗೊಣಗುವ ಯಂತ್ರ, ಎರಡೂ ನನಗೆ ಆಗದು. ಪೆಟ್ಟಿಗೆಯ ನಂತರ ಅದರ ಸರದಿ ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡಿದ್ದೆ.

"ನಿಮ್ಮ ಕೈಲಿ ಆಗುತ್ತಾ ರೀ?" ಎಂದು ಹೆಂಡತಿ ಕೇಳಿದಳು. ಈ ಸಲ ದನಿಯಲ್ಲಿ ಕುಟುಕಿರಲಿಲ್ಲ. "ಬರೋ ತಿಂಗಳು ಅವರ ಮದುವೆಗೆ ಐವತ್ತು ವರ್ಷ ತುಂಬುತ್ತೆ. ಅವರಿಬ್ಬರೂ ಒಟ್ಟಿಗೆ ಹಾಡಿದ್ದನ್ನ ಇನ್ನೊಂದು ಸಲ ಕೇಳಬೇಕು ಅಂತ ಆಸೆ. ಒಂದೇ ಒಂದು ಹಾಡು."

"ಕೂದಲೆಳೆಯಷ್ಟು ಸ್ಕ್ರೂ ತಿರುಗಿಸುವ ಕೈ ಇದು! ಈ ಪೆಟ್ಟಿಗೆ ನನಗೆ ಯಾವ ಲೆಕ್ಕ?" ಎಂದೆ.

ಅತ್ತೆ ಮಾವನಿಗೆ ಗುಟ್ಟು ಗೊತ್ತಾಗಬಾರದು. ಅವರು ವಾಕಿಂಗಿಗೆ ಹೋದ ಹೊತ್ತಿನಲ್ಲಿ ಪೆಟ್ಟಿಗೆಯನ್ನು ನನ್ನ ಅಂಗಡಿಯ ಹಿಂದಿನ ಕೋಣೆಗೆ ಸಾಗಿಸಿದೆವು. ಎತ್ತುವಾಗ ನನ್ನ ಸೊಂಟ 'ಕಟಕ್' ಎಂದಿತು. ಆಮೇಲೆ ಬಹಳ ಹೊತ್ತಿನ ತನಕ ನಮ್ಮಿಬ್ಬರಲ್ಲಿ ನೆಟ್ಟಗಿದ್ದದ್ದು ಪೆಟ್ಟಿಗೆ ಮಾತ್ರ.

ಈ ವಾಲ್ವ್ ಯಂತ್ರಗಳ ಒಂದು ದುರ್ಗುಣವನ್ನು ನಿಮಗೆ ಹೇಳಬೇಕು. ಪ್ಲಗ್ ಕಿತ್ತ ಮೇಲೂ ಒಳಗಿನ ಕಂಡೆನ್ಸರುಗಳು ಸಾಕಷ್ಟು ಕರೆಂಟನ್ನು ಹೊಟ್ಟೆಯಲ್ಲಿ ಬಚ್ಚಿಟ್ಟುಕೊಂಡಿರುತ್ತವೆ. ಮುಟ್ಟುವ ಮೊದಲು ಅದನ್ನು ಖಾಲಿ ಮಾಡಬೇಕು. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಎಷ್ಟು ಚೆನ್ನಾಗಿ ಎಂದರೆ, ಪೆಟ್ಟಿಗೆಯನ್ನು ಪರೀಕ್ಷಿಸಲು ಪ್ಲಗ್ ಹಾಕಿ, ಬುಸ್ ಎಂದ ಕೂಡಲೇ ಕಿತ್ತು, ಹೆಂಡತಿಯನ್ನು ಕರೆದು, "ನೋಡು, ಇಲ್ಲಿ ಇರುತ್ತೆ ಅಪಾಯ," ಎಂದು ಬೆರಳಿಟ್ಟು ತೋರಿಸಿದೆ!

ಒಂದು ಕ್ಷಣ ನನ್ನ ಪೂರ್ವಜರೆಲ್ಲ ಸಾಲಾಗಿ ನಿಂತು ಕೈ ಬೀಸಿದರು. ಕಣ್ಣು ಬಿಟ್ಟಾಗ ನಾನು ಕನ್ನಡಕದ ಫ್ರೇಮುಗಳ ಸ್ಟ್ಯಾಂಡಿನ ಕೆಳಗಿದ್ದೆ. ಮೈಮೇಲೆ ಫ್ರೇಮುಗಳು. ಒಂದು ಫ್ರೇಮು ಸರಿಯಾಗಿ ಮೂಗಿನ ಮೇಲೇ ಕೂತಿತ್ತು.

"ಅರ್ಥವಾಯ್ತು ರೀ," ಎಂದಳು ಹೆಂಡತಿ, ನನ್ನ ನಾಡಿ ಹಿಡಿದು. "ಇಷ್ಟು ಸ್ಪಷ್ಟವಾಗಿ ನನಗೆ ಕಾಲೇಜಿನಲ್ಲೂ ಯಾರೂ ಪಾಠ ಹೇಳಿರಲಿಲ್ಲ."

ಆದರೂ ನಾನು ಬಿಡಲಿಲ್ಲ. ಸತ್ತಿದ್ದ ಕಂಡೆನ್ಸರನ್ನು ಬದಲಾಯಿಸಿದೆ. ಸುಟ್ಟಿದ್ದ ವಾಲ್ವೊಂದನ್ನು ಎಲ್ಲೆಲ್ಲಿಂದಲೋ ಹುಡುಕಿ ತರಿಸಿದೆ. ಬಿರುಕು ಬಿಟ್ಟ ಬೆಸುಗೆಗಳನ್ನು ಮತ್ತೆ ಹಾಕಿದೆ. ಬೆಸುಗೆಯ ಹೊಗೆಗೆ ಕ್ಲಿನಿಕ್ಕಿನ ರೋಗಿಗಳು ಬಾಯಿಯ ಜೊತೆ ಮೂಗನ್ನೂ ಮುಚ್ಚಿಕೊಂಡರು. ಎರಡನೇ ಸಲ ಪ್ಲಗ್ ಹಾಕಿದಾಗ ಇಡೀ ಕಟ್ಟಡದ ಫ್ಯೂಸು ಹೋಯಿತು. ಗೋಡೆಯಾಚೆ ಡ್ರಿಲ್ಲಿನ 'ಜುಂಯ್' ಎಂಬ ಸದ್ದು ಅರ್ಧಕ್ಕೇ ನಿಂತಿತು. ನಂತರ ಒಂದು ಗಂಡಸಿನ ದನಿ, ಕೃತಜ್ಞತೆಯಿಂದ ನಡುಗುತ್ತ: "ಮುಗೀತಾ ಡಾಕ್ಟ್ರೇ?"

"ಇಲ್ಲ. ನಮ್ಮೆಜಮಾನ್ರು ಶುರು ಮಾಡಿದಾರೆ," ಎಂದಳು ಹೆಂಡತಿ.

ಮೂರನೇ ಸಲ ಫ್ಯೂಸು ಹೋಗಲಿಲ್ಲ. ವಾಲ್ವುಗಳ ಒಳಗೆ ಮೆಲ್ಲಗೆ ಒಂದು ಕಿತ್ತಳೆ ಬಣ್ಣದ ಸಂಜೆ ಹುಟ್ಟಿತು. ಬಿಸಿಯಾದ ಧೂಳಿನ ವಾಸನೆ ಬಂತು. ಆಮೇಲೆ, ಬಹಳ ದೂರದಿಂದ ನಡೆದು ಬಂದಂತೆ, ಒಂದು ಸದ್ದು: ಗುಂಯ್‌ಯ್‌ಯ್...

ಬಾಗಿಲು ತೆರೆಯಿತು. ಹೆಂಡತಿ ಮುಖದ ಮಾಸ್ಕನ್ನು ಗಲ್ಲಕ್ಕೆ ಇಳಿಸಿಕೊಂಡು ಹೊಸ್ತಿಲಲ್ಲೇ ನಿಂತಳು. ಕೈಯಲ್ಲಿ ಇಕ್ಕಳವಿತ್ತು, ಕಣ್ಣಲ್ಲಿ ನೀರಿತ್ತು. "ಅಪ್ಪನ ಪೆಟ್ಟಿಗೆ ಹೀಗೇ ಇರ್ತಿತ್ತು. ಚಿಕ್ಕವಳಿದ್ದಾಗ ನಾನು ಇದರ ಹಿಂದೆ ಮಲಗ್ತಿದ್ದೆ. ಬೆಚ್ಚಗಿರ್ತಿತ್ತು."

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಇವತ್ತು ಆ ಮನೆಯಲ್ಲಿ ತಲೆಯೆತ್ತಿ ತಿರುಗಾಡುತ್ತಿದ್ದೆ.

"ಆದ್ರೆ ಗುಂಯ್ ಅಂತಿದೆಯಲ್ಲ," ಎಂದೆ.

"ಅನ್ನಲಿ ಬಿಡಿ."

"ಅದು ಹೇಗೆ ಬಿಡೋದು? ಕನ್ನಡಕದ ಗಾಜಿನ ಮೇಲೆ ಬೆರಳಿನ ಗುರುತು ಬಿಟ್ಟು ಗಿರಾಕಿಗೆ ಕೊಡ್ತೀನಾ ನಾನು? ಇದೂ ಹಾಗೇ. ಒರೆಸಬೇಕು!"

"ರೀ, ನೋವಿಲ್ಲದ ಹಲ್ಲಿಗೆ ಕೈ ಹಾಕಬಾರದು ಅಂತ ನಮಗೆ ಮೊದಲ ವರ್ಷವೇ ಹೇಳಿಕೊಡ್ತಾರೆ."

"ಕಣ್ಣಿನವರಿಗೆ ಹಾಗೆ ಹೇಳಿಕೊಡಲ್ಲ!" ಎಂದು ನಾನು ಬೆಸುಗೆ ಕಡ್ಡಿಯನ್ನು ಖಡ್ಗದಂತೆ ಎತ್ತಿದೆ.

ರಿಪೇರಿ ಮುಗಿದಿತ್ತು, ಸುಧಾರಣೆ ಶುರುವಾಯಿತು. ಪೆಟ್ಟಿಗೆ ಮಾಡಿದವರು ಒಂದು ಕಂಡೆನ್ಸರಿಗೆ ತೃಪ್ತಿಪಟ್ಟಿದ್ದ ಜಾಗದಲ್ಲಿ ನಾನು ಅದರ ಪಕ್ಕಕ್ಕೆ ಇನ್ನೆರಡನ್ನು ಕೂರಿಸಿದೆ. ನಡುವೆ ಗುಂಯ್ ಸದ್ದನ್ನು ಸೋಸಿ ತೆಗೆಯುವ ತಂತಿಯ ಸುರುಳಿ, ಒಂದು ದಪ್ಪ ಚೋಕನ್ನು ಬಿಗಿದೆ. ತಂತಿಗಳನ್ನು ಎಳೆದೆ, ಸುತ್ತಿದೆ, ಮತ್ತೆ ಎಳೆದೆ. ಅದರಲ್ಲಿ ಒಂದು ತಂತಿ ಅಳತೆ ಮೀರಿ ಉದ್ದವಾಗಿದ್ದು ನನ್ನ ಗಮನಕ್ಕೆ ಬರಲಿಲ್ಲ.

ಸಂಜೆ ಒಬ್ಬ ಹಿರಿಯ ಗಿರಾಕಿ ಕಣ್ಣು ಪರೀಕ್ಷೆಗೆ ಕೂತಿದ್ದರು. ಪೆಟ್ಟಿಗೆ ಹಿಂದಿನ ಕೋಣೆಯಲ್ಲಿ ಬಿಸಿಯಾಗುತ್ತಿತ್ತು.

"ಕೆಳಗಿನ ಸಾಲು ಓದಿ," ಎಂದೆ.

ಅವರು ಓದುವ ಮೊದಲೇ ಹಿಂದಿನ ಕೋಣೆಯಿಂದ ಮಧುರವಾದ ಹೆಣ್ಣು ದನಿಯೊಂದು ಕೇಳಿತು: "ನಿಮಗೆ ಮಂಡಿ ನೋವೇ? ಮೆಟ್ಟಿಲು ಹತ್ತಲು ಕಷ್ಟವೇ?"

ಗಿರಾಕಿ ಗಾಬರಿಯಾಗಿ, "ಇಲ್ಲ ಮೇಡಂ, ಕಣ್ಣು ಮಾತ್ರ," ಎಂದರು.

ಗೋಡೆಯ ಬಾಗಿಲು ಧಡಾರನೆ ತೆರೆಯಿತು. "ಯಾರ್ರೀ ಅವಳು?"

"ಆಂಪ್ಲಿಫೈಯರ್ ಒಳಗಿದಾಳೆ!"

"ಓಹೋ! ಒಳಗೇ ಇಟ್ಕೊಂಡಿದೀರಾ?"

"ರೇಡಿಯೊ ಕಣೇ! ತಂತಿ ಉದ್ದವಾಗಿ ಏರಿಯಲ್ ಆಗಿಬಿಟ್ಟಿದೆ!"

ತಂತಿಯನ್ನು ಕತ್ತರಿಸಿದೆ. ಮಂಡಿಯವಳು ಹೋದಳು. ಅವಳ ಹಿಂದೆಯೇ ಗುಂಯ್ ಕೂಡ ಹೋಗಿತ್ತು. ಚೋಕು ತನ್ನ ಕೆಲಸ ಮಾಡಿತ್ತು. ಬಟ್ಟೆಗೆ ಕಿವಿ ಹಚ್ಚಿ ಕೇಳಿದೆ. ಏನೂ ಇಲ್ಲ. ತೊಳೆದ ಗಾಜಿನಂಥ ಮೌನ! ನನ್ನ ಎದೆ ಇಷ್ಟಗಲವಾಯಿತು.

ಅತ್ತೆ ಮಾವನ ಮದುವೆಗೆ ಐವತ್ತು ತುಂಬಿದ ಭಾನುವಾರ ಸಂಜೆ ಹಜಾರದ ತುಂಬ ಜನ. ಅವರಲ್ಲಿ ಮುಖ್ಯರು ಆರ್ಕೆಸ್ಟ್ರಾದ ಹಳೆಯ ಡ್ರಮ್ಮಿನವರು. ಮನೆಯವರೆಲ್ಲ ಅವರನ್ನು ಡ್ರಮ್ಸ್ ಮಾಮ ಎನ್ನುತ್ತಾರೆ. ಜೀವಮಾನವೆಲ್ಲ ಡ್ರಮ್ಮಿನ ಪಕ್ಕ ಕೂತು ಅವರಿಗೆ ಒಂದು ಕಿವಿ ಪೂರ್ತಿ ಹೋಗಿದೆ, ಇನ್ನೊಂದು ಮನಸ್ಸಿದ್ದಾಗ ಕೆಲಸ ಮಾಡುತ್ತದೆ.

ನಾನು ಕಂಬಳಿಯನ್ನು ಸರಕ್ಕನೆ ಸರಿಸಿದೆ. ಮಾವ ಪೆಟ್ಟಿಗೆಯನ್ನು ನೋಡಿದರು. ಚಿನ್ನದ ಬಣ್ಣದ ಬಟ್ಟೆಯನ್ನು ಬೆರಳ ತುದಿಯಿಂದ ಸವರಿದರು. "ಅಳಿಯಂದ್ರೇ..." ಎಂದರು. ಹೆಂಡತಿ ಗಿಟಾರನ್ನು ಮೊಳೆಯಿಂದ ಇಳಿಸಿ ಅವರ ತೊಡೆಯ ಮೇಲಿಟ್ಟಳು. ಹೊಸ ತಂತಿಗಳನ್ನು ಅವಳೇ ಹಾಕಿಸಿದ್ದಳು. ಅತ್ತೆ ಪಕ್ಕಕ್ಕೆ ಬಂದು, ಯಾರೂ ಹೇಳದೆಯೇ, ಪೆಟ್ಟಿಗೆಯ ನೆತ್ತಿಯ ಮೇಲೆ ಕೈ ಊರಿದರು. ಗೋಡೆಯ ಮೇಲಿನ ಫೋಟೊ ಕೆಳಗಿಳಿದು ಬಂದಂತಿತ್ತು. ಆ ಕ್ಷಣ ನಾನು ಬರೇ ಅಳಿಯನಲ್ಲ, ಆ ವಂಶದ ಉದ್ಧಾರಕ!

ಮಾವ ಸ್ವಿಚ್ ಹಾಕಿದರು. ವಾಲ್ವುಗಳು ಬೆಳಗಿದವು. ಮಾವ ಕಾದರು. ಎಲ್ಲರೂ ಕಾದೆವು. ಮಾವ ಇನ್ನೂ ಕಾದರು.

"ಆನ್ ಆಗಿದೆಯಾ ಅಳಿಯಂದ್ರೇ?"

"ಆಗಿದೆ ಮಾವ."

"ಮತ್ತೆ ಎಲ್ಲಿ ಅದು?"

"ಯಾವುದು ಮಾವ?"

"ಅದೇ... ಗುಂಯ್."

"ಅದನ್ನ ನಾನು ತೆಗೆದುಹಾಕಿದೀನಿ ಮಾವ," ಎಂದೆ, ಅರ್ಧ ಹೆಮ್ಮೆಯಿಂದ, ಅರ್ಧ ಭಯದಿಂದ.

ಮಾವ ಗಿಟಾರಿನ ಮೂರನೇ ತಂತಿಯ ಬಿರಡೆಯನ್ನು ಹಿಡಿದು ಆಚೀಚೆ ತಿರುವಿದರು. "ನಮ್ಮ ಹತ್ರ ಪಿಯಾನೊ ಎಲ್ಲಿತ್ತು? ಯಾವ ಹಾಲ್‌ಗೆ ಹೋದ್ರೂ ಪೆಟ್ಟಿಗೆ ಆನ್ ಮಾಡ್ತಿದ್ದೆ. ಅದು ಗುಂಯ್ ಅಂತಿತ್ತು. ಮೂರನೇ ತಂತೀನ ಅದಕ್ಕೆ ಕೂಡಿಸ್ತಿದ್ದೆ, ಉಳಿದದ್ದನ್ನ ಮೂರನೇದಕ್ಕೆ. ಇವಳೂ ಅದನ್ನೇ ಶ್ರುತಿ ಹಿಡಿದು ಹಾಡ್ತಿದ್ದಳು. ಬೇರೆ ಥರ ನನಗೆ ಗೊತ್ತಿಲ್ಲ."

"ಅಷ್ಟೇ ತಾನೇ! ಫೋನಿನಲ್ಲೇ ಶ್ರುತಿ ಮಾಡಬಹುದು ಮಾವ!" ಎಂದು ನಾನು ಫೋನು ಹಿಡಿದು ಓಡಿದೆ. ಪರದೆಯ ಮೇಲೆ ಹಸಿರು ದೀಪ ಹತ್ತುವ ತನಕ ಮಾವ ವಿಧೇಯರಾಗಿ ತಂತಿಗಳನ್ನು ತಿರುವಿದರು. ನುಡಿಸಲು ಶುರು ಮಾಡಿದರು. ಅತ್ತೆ ಕಣ್ಣು ಮುಚ್ಚಿ ದನಿ ಎತ್ತಿದರು.

ಗಿಟಾರು ಒಂದು ಬೀದಿಯಲ್ಲಿ ಹೋಯಿತು, ಹಾಡು ಪಕ್ಕದ ಬೀದಿಯಲ್ಲಿ ಹೋಯಿತು. ದೂರವೇನೂ ಇರಲಿಲ್ಲ, ಕೈ ಚಾಚಿದರೆ ಸಿಗುವಷ್ಟೇ ಅಂತರ. ಆದರೆ ಸಿಗಲಿಲ್ಲ. ಅತ್ತೆ ನಿಲ್ಲಿಸಿ ಮತ್ತೆ ಶುರು ಮಾಡಿದರು. ಮತ್ತೆ ಹಾಗೇ ಆಯಿತು.

"ನನಗಿರೋದೇ ಅರ್ಧ ಕಿವಿ," ಎಂದರು ಡ್ರಮ್ಸ್ ಮಾಮ. "ಆ ಅರ್ಧಕ್ಕೂ ಇದು ಸರಿ ಬರ್ತಿಲ್ಲವಲ್ಲೋ!"

ಮಾವ ಗಿಟಾರನ್ನು ಕೆಳಗಿಟ್ಟರು. "ಕಿವಿ ಹೋಗಿದೆ ನನಗೆ. ಇವಳದೇನೂ ತಪ್ಪಿಲ್ಲ."

"ನಿಮ್ಮ ಕಿವಿ ಚೆನ್ನಾಗೇ ಇದೆ. ನನ್ನ ಗಂಟಲು ಹೋಗಿದೆ," ಎಂದರು ಅತ್ತೆ. "ವಯಸ್ಸಾಯ್ತು. ಎಲ್ಲರಿಗೂ ಟೀ ಮಾಡ್ತೀನಿ ತಾಳಿ."

ಅವರು ಒಳಗೆ ಹೋದರು. ಹೆಂಡತಿ ನನ್ನ ಕಡೆ ನೋಡಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಇಬ್ಬರು ವಯಸ್ಸಾದವರು ಒಬ್ಬರ ತಪ್ಪನ್ನು ಇನ್ನೊಬ್ಬರು ಮೈಮೇಲೆ ಎಳೆದುಕೊಳ್ಳುತ್ತಿದ್ದರು. ತಪ್ಪು ನೋಡಿದರೆ ಚೋಕಿನ ರೂಪದಲ್ಲಿ ನಾನೇ ಬಿಗಿದಿದ್ದ ಸ್ಕ್ರೂಗಳ ಮೇಲೆ ಕೂತಿತ್ತು! ಒಂದೇ ಒಂದು ಹಾಡಿಗೆ ಆಸೆಪಟ್ಟಿದ್ದಳು ನನ್ನ ಹೆಂಡತಿ.

ಆಗ ಅಡುಗೆಮನೆಯಿಂದ ದನಿ ಬಂತು. ಅತ್ತೆಯ ದನಿ. ನೀರು ಕಾಯುವ ತನಕ, ಬೇಜಾರು ಕಳೆಯಲು, ಅದೇ ಹಾಡನ್ನು ಬಾಯೊಳಗೇ ಗುನುಗುತ್ತಿದ್ದರು.

ಮಾವ ತಲೆ ಎತ್ತಿದರು. "ಅದೇ! ಅದೇ ಇದು! ನಿಲ್ಲಿಸಬೇಡ ಕಣೇ, ಅಲ್ಲೇ ಇರು!" ಎಂದು ಕೂಗಿ ಗಿಟಾರ್ ಎತ್ತಿಕೊಂಡು ಮೂರನೇ ತಂತಿಯನ್ನು ತಿರುವತೊಡಗಿದರು. ತಂತಿ ಒಂಚೂರು ಮೇಲೇರಿತು. ಇನ್ನೊಂಚೂರು. ಕೂಡಿತು. ಉಳಿದವನ್ನೂ ಅದಕ್ಕೆ ಕೂಡಿಸಿದರು.

"ಈಗ ಬಾ ಇಲ್ಲಿಗೆ!"

ಅತ್ತೆ ಹಜಾರದ ಬಾಗಿಲ ತನಕ ಬಂದು ನಿಂತರು. "ಇಲ್ಲಿ ಬರ್ತಿಲ್ಲ ರೀ. ಅಲ್ಲೇ ಬರೋದು," ಎಂದು ಹಿಂದಿರುಗಿ, ಮೊದಲಿನಂತೆ ಫ್ರಿಜ್ಜಿನ ತಲೆಯ ಮೇಲೆ ಕೈ ಇಟ್ಟರು.

ನಾನು ಓಡಿಹೋಗಿ ಫ್ರಿಜ್ಜಿಗೆ ಕಿವಿ ಹಚ್ಚಿದೆ. ಗುಂಯ್‌ಯ್‌ಯ್...

ಊರಿಗೆಲ್ಲ ಹರಿಯುವ ಕರೆಂಟು ಒಂದೇ, ಅದರ ಗುಂಯ್ ಕೂಡ ಒಂದೇ. ಪೆಟ್ಟಿಗೆ ಹಾಡುತ್ತಿದ್ದದ್ದು ಅದನ್ನೇ, ಫ್ರಿಜ್ಜು ಗೊಣಗುತ್ತಿದ್ದದ್ದೂ ಅದನ್ನೇ. ಆ ಸ್ವರ ಕೀಬೋರ್ಡಿನ ಬಿಳಿ ಮನೆಯಲ್ಲೂ ಇಲ್ಲ, ಕಪ್ಪು ಮನೆಯಲ್ಲೂ ಇಲ್ಲ. ಎರಡರ ಸಂದಿಯಲ್ಲೆಲ್ಲೋ ಇದೆ. ಆ ಸಂದಿಯಲ್ಲೇ ಇವರಿಬ್ಬರೂ ಐವತ್ತು ವರ್ಷ ಸಂಸಾರ ಮಾಡಿದ್ದಾರೆ. ಪೆಟ್ಟಿಗೆ ಸತ್ತ ಮೇಲೂ ಅತ್ತೆಯ ಕೈ ತನಗೆ ತಿಳಿಯದಂತೆಯೇ ಅದನ್ನು ಹುಡುಕಿಕೊಂಡು ಹೋಗಿ ಅಡುಗೆಮನೆಯಲ್ಲಿ ಹಿಡಿದುಕೊಂಡಿತ್ತು. ನಾವು ಅದನ್ನು ಸಂಕೋಚ ಎಂದು ಕರೆದಿದ್ದೆವು.

"ಎಲ್ಲಾ ಅಡುಗೆಮನೆಗೆ ನಡೀರಿ!" ಎಂದು ಕೂಗಿದೆ. ಪೆಟ್ಟಿಗೆಯನ್ನು ಅಪ್ಪಿ ಎತ್ತಿಕೊಂಡೆ. ಸೊಂಟ ಮತ್ತೊಮ್ಮೆ 'ಕಟಕ್' ಎಂದಿತು, ಕೇಳಿಸಿಕೊಳ್ಳಲು ನನಗೆ ಪುರಸೊತ್ತಿರಲಿಲ್ಲ. ಡ್ರಮ್ಸ್ ಮಾಮ ಹಿಟ್ಟಿನ ಡಬ್ಬಿಯೊಂದನ್ನು ಮಂಡಿಗಳ ನಡುವೆ ಇಟ್ಟುಕೊಂಡರು. ಜಾಗ ಸಿಗದವರು ಬಾಗಿಲಲ್ಲಿ, ಕಿಟಕಿಯಲ್ಲಿ ನಿಂತರು. ಮಾವ ನುಡಿಸಿದರು, ಅತ್ತೆ ಹಾಡಿದರು. ಎರಡು ಬೀದಿಗಳೂ ಒಂದಾದವು.

ಮೊದಲ ಚರಣ ಮುಗಿಯುವಷ್ಟರಲ್ಲಿ 'ಟಕ್' ಎಂದಿತು. ಫ್ರಿಜ್ಜು ಸುಮ್ಮನಾಯಿತು!

ತಣ್ಣಗಾದ ಫ್ರಿಜ್ಜು ವಿಶ್ರಾಂತಿ ತೆಗೆದುಕೊಳ್ಳುತ್ತದೆ. ಅದು ಅದರ ಧರ್ಮ. ಅತ್ತೆಯ ಕಣ್ಣು ತೆರೆಯಿತು, ದನಿ ತಡವರಿಸಿತು. ಒಳಗೆ ಬೆಚ್ಚಗಾದರೆ ಮತ್ತೆ ಗುಂಯ್ ಎಂದೀತು ಎಂದು ನಾನು ಹಾರಿ ಬಾಗಿಲನ್ನು ಪೂರ್ತಿ ತೆರೆದು, ಒಳಗಿನ ತಂಪಿನ ಗುಂಡಿಯನ್ನು ಕೊನೆಯ ತನಕ ತಿರುಗಿಸಿದೆ. ಹಾಡು ನಿಂತಿತು. ಅಷ್ಟೂ ಜನ ಉಸಿರು ಬಿಗಿಹಿಡಿದು ಒಂದು ಫ್ರಿಜ್ಜಿನ ಮುಖ ನೋಡುತ್ತ ನಿಂತೆವು. ಒಳಗೆ ಮೊಸರು, ಅರ್ಧ ನಿಂಬೆಹಣ್ಣು, ನಿನ್ನೆಯ ಸಾರು. ಕೊನೆಗೆ ಅದು ಒಮ್ಮೆ ಕೆಮ್ಮಿ, ಮೈ ನಡುಗಿಸಿ, ಗುಂಯ್ ಎಂದಿತು.

"ಬಾಗಿಲು ಬಿಡಬೇಡಿ ಅಳಿಯಂದ್ರೇ!" ಎಂದರು ಮಾವ, ನುಡಿಸುತ್ತಲೇ.

ಬಿಡಲಿಲ್ಲ. ಹಾಡು ಮುಗಿಯುವ ತನಕ ಫ್ರಿಜ್ಜಿನ ಬಾಗಿಲು ಹಿಡಿದು ದ್ವಾರಪಾಲಕನಂತೆ ನಿಂತೆ. ಹೊಟ್ಟೆ ಮರಗಟ್ಟಿತು. ಒಂದು ಹಾಡು ಎಂದದ್ದು ಎರಡಾಯಿತು, ಮೂರಾಯಿತು. ಮಾವ ತಂತಿಗಳನ್ನು ಬಿಟ್ಟು ಅತ್ತೆಯ ಮುಖವನ್ನೇ ನೋಡುತ್ತಿದ್ದರು. ಬೆರಳುಗಳು ಏನನ್ನೂ ಮರೆತಿರಲಿಲ್ಲ. ಹೆಂಡತಿ ಕಣ್ಣೊರೆಸಿಕೊಂಡು ಬಂದು ನನ್ನ ಹೆಗಲಿಗೊಂದು ಶಾಲು ಹೊದಿಸಿದಳು. ಸನ್ಮಾನವೆಂದು ನಾನು ಹಿಗ್ಗಿದೆ.

"ನೆಗಡಿಯಾದ್ರೆ ಮಾತ್ರೆ ತಂದುಕೊಡೋಳು ನಾನೇ ತಾನೇ," ಎಂದಳು ಅವಳು ಮೆಲ್ಲಗೆ.

ಮರುದಿನ ಪೆಟ್ಟಿಗೆ ಮತ್ತೆ ಅಂಗಡಿಗೆ ಬಂತು. ಈ ಸಲ ಮರೆಯದೆ ಕಂಡೆನ್ಸರುಗಳನ್ನು ಖಾಲಿ ಮಾಡಿ, ನಾನು ಸೇರಿಸಿದ್ದ ಎರಡನ್ನೂ ಚೋಕನ್ನೂ ಕಿತ್ತೆ. ಹೆಂಡತಿ ಗೋಡೆಯ ಬಾಗಿಲಿನಿಂದ ಹತ್ತಿ ಹಾಸಿದ ಒಂದು ಪುಟ್ಟ ಡಬ್ಬಿಯನ್ನು ಚಾಚಿದಳು. "ಕಿತ್ತಿದ್ದನ್ನ ಇದರಲ್ಲಿ ಹಾಕಿ. ರೋಗಿಯ ಕೈಗೇ ಕೊಡೋದು ನಮ್ಮ ಕ್ಲಿನಿಕ್ಕಿನ ಪದ್ಧತಿ."

ಮನೆಗೆ ತಂದು ಹಜಾರದಲ್ಲಿ ಪ್ಲಗ್ ಹಾಕಿದೆ. ಕಿತ್ತಳೆ ಸಂಜೆ. ಬಿಸಿ ಧೂಳಿನ ವಾಸನೆ. ಗುಂಯ್‌ಯ್‌ಯ್... ಅತ್ತೆ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಹೊರಗೆ ಬಂದರು. ಹಜಾರದಲ್ಲಿ ನಿಂತು, ಅಲ್ಲೇ ಒಂದು ಸಾಲು ಹಾಡಿದರು!

"ಏನು ಮಾಡಿದ್ರಿ ಅಳಿಯಂದ್ರೇ?" ಎಂದರು ಮಾವ, ಬೆರಗಾಗಿ.

ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಹೆಂಡತಿ ಹೇಳಿದಳು: "ಮಾಡಿದ್ದನ್ನೆಲ್ಲ ತೆಗೆದ್ರು ಅಪ್ಪ."

"ಹಾಗೆ ಹೇಳಿ ಮತ್ತೆ! ಈಗ ರಿಪೇರಿ ಆಯ್ತು!" ಎಂದರು ಮಾವ ನನಗೆ.

ಅವಮಾನವೋ ಮೆಚ್ಚುಗೆಯೋ ತಿಳಿಯದೆ ನಾನು ಸ್ಕ್ರೂಡ್ರೈವರನ್ನು ಜೇಬಿಗೆ ಸೇರಿಸಲು ಹೊರಟೆ. ಒಳಗೆ ಫ್ರಿಜ್ಜು ಗೊಣಗಲು ಶುರು ಮಾಡಿತು. ಹಳೆಯ ಅಭ್ಯಾಸ, ನನ್ನ ಕಣ್ಣು ಸುಮ್ಮನೆ ಅಡುಗೆಮನೆಯ ಕಡೆ ಹೊರಳಿತು. ಅಷ್ಟೇ. ಆಣೆಗೂ ಅಷ್ಟೇ.

ಮಾವ, ಅತ್ತೆ, ಹೆಂಡತಿ, ಮೂವರೂ ಒಂದೇ ಶ್ರುತಿಯಲ್ಲಿ ಕೂಗಿದರು: "ಅದನ್ನ ಮುಟ್ಟಬೇಡಿ!"